ತುಟಿಗೆ ಹಚ್ಚುವ ಸ್ಟ್ರಾಬೆರಿಯಲ್ಲಿ ಗೋಧಿ ಇದೆಯೇ?

ಪುಣೆಯ ತುಳಶಿಬಾಗಿನಲ್ಲಿ ಸಂಜೆ ಆರರ ಮೇಲೆ ನಿಂತು ಯೋಚಿಸಲು ಜಾಗ ಸಿಗುವುದಿಲ್ಲ. ಹಿಂದಿನವರು ನೂಕುತ್ತಾರೆ, ಮುಂದಿನವರು ಚೌಕಾಶಿಯಲ್ಲಿ ಮೈಮರೆತಿರುತ್ತಾರೆ. ಡಿಸೆಂಬರ್ ಕೊನೆಯ ವಾರ ಅಂಥದೊಂದು ಸಂಜೆ, ಬಳೆ-ಕ್ಲಿಪ್ಪುಗಳ ಪುಟ್ಟ ಅಂಗಡಿಯ ಮುಂದೆ ಅಕ್ಕನ ಮಗಳು ಗುಲಾಬಿ ಬಣ್ಣದ ಡಬ್ಬಿಯೊಂದನ್ನು ಹಿಡಿದು ನಿಂತುಬಿಟ್ಟಳು. ನಲವತ್ತು ರೂಪಾಯಿ. ಮುಚ್ಚಳದ ಮೇಲೆ ಸ್ಟ್ರಾಬೆರಿ ಚಿತ್ರ. ಮೂಸಿದಳು, ನನ್ನ ಮೂಗಿಗೂ ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಮೌಶಿ, ಇದ್ರಾಗ ಗೋಧಿ ಇರ್ತದೇನು?”

ಹದಿಮೂರರ ಹುಡುಗಿಯರು ಲಿಪ್ ಬಾಮ್ ಕೊಳ್ಳುವಾಗ ಸಾಮಾನ್ಯವಾಗಿ ಇದನ್ನು ಕೇಳುವುದಿಲ್ಲ. ಇವಳಿಗೆ ಸೀಲಿಯಾಕ್ ಕಾಯಿಲೆ ಇದೆ. ಎರಡು ವರ್ಷದಿಂದ ಗೋಧಿ ಎಂಬ ಶಬ್ದ ಅವಳ ಪಾಲಿಗೆ ಪೊಲೀಸಪ್ಪನಿದ್ದ ಹಾಗೆ, ಎಲ್ಲಿ ಅಡಗಿ ನಿಂತಿದೆಯೋ ಎಂದು ನೋಡಿಕೊಂಡೇ ಹೆಜ್ಜೆ ಇಡಬೇಕು. ಅಂಗಡಿಯವನಿಗೆ ನಾನು ಮರಾಠಿಯಲ್ಲಿ ಕೇಳಿದೆ. ಆತ ಎದೆ ತಟ್ಟಿಕೊಂಡು “ಪೂರ್ಣ ವ್ಹೆಜ್ ಆಹೆ, ತಾಯಿ” ಅಂದ. ಗೋಧಿಗಿಂತ ವೆಜ್ ಆದದ್ದು ಇನ್ನೇನಿದೆ! ಡಬ್ಬಿಯನ್ನು ತಿರುವಿ ನೋಡಿದರೆ ತಳದಲ್ಲಿ ಬಾರ್‌ಕೋಡ್ ಬಿಟ್ಟರೆ ಒಂದಕ್ಷರವಿಲ್ಲ. ಅಲ್ಲೇ ಇಟ್ಟು ಬಂದೆವು. ಹುಡುಗಿಯ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲೇಬೇಕು ಅಂತ ಕೂತೆ. ಪುಣೆಯ ಚಳಿಯಲ್ಲಿ ತುಟಿ ಒಡೆಯುವುದಂತೂ ತಪ್ಪುವುದಿಲ್ಲ.

ಮೊದಲು ಗ್ಲುಟನ್ ಅಂದರೇನು ಎನ್ನುವುದು. ಹೋಳಿಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಕ ಜಗ್ಗಿದಷ್ಟೂ ಹರಿಯದೆ ಹಿಗ್ಗುತ್ತದಲ್ಲ, ಆ ಜಿಗುಟೇ ಗ್ಲುಟನ್. ಕಲಸಿದ ಹಿಟ್ಟನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಾ ಹೋದರೆ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ ರಬ್ಬರಿನಂಥ ಒಂದು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಬಹುಮಟ್ಟಿಗೆ ಅದೆಲ್ಲ ಪ್ರೋಟೀನ್. ಗೋಧಿಯ ಜೊತೆಗೆ ಬಾರ್ಲಿ ಮತ್ತು ರೈ (ಗೋಧಿಯಂಥದೇ ಒಂದು ಧಾನ್ಯ, ಸಾಸಿವೆಯಲ್ಲ) ಕಾಳುಗಳಲ್ಲೂ ಇದರ ಸೋದರಸಂಬಂಧಿಗಳಿವೆ. ಸೀಲಿಯಾಕ್ ಇರುವವರು ಇದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ಹುಚ್ಚೆದ್ದು ತನ್ನದೇ ಸಣ್ಣ ಕರುಳಿನ ಒಳಗೋಡೆಯನ್ನು ಸವೆಸಿಬಿಡುತ್ತದೆ. ಆಮೇಲೆ ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಹೊಟ್ಟೆ ಉಬ್ಬರ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತ. ಜಗತ್ತಿನಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಇದು ಇದೆ. ಔಷಧಿ ಇಲ್ಲ, ಗ್ಲುಟನ್ ಬಿಡುವುದೊಂದೇ ದಾರಿ. ನಮ್ಮನೆಯಲ್ಲಿ ಇದರಿಂದ ಒಂದು ಲಾಭವೂ ಆಯಿತು: ಧಾರವಾಡ ಬಿಟ್ಟು ಪುಣೆಗೆ ಬಂದ ಮೇಲೆ ಮೂಲೆಗೆ ಸರಿದಿದ್ದ ಜೋಳದ ರೊಟ್ಟಿ ತಾಟಿಗೆ ಮರಳಿತು. ಇಲ್ಲಿ ಅದನ್ನು ಭಾಕ್ರಿ ಅನ್ನುತ್ತಾರೆ ಅಷ್ಟೇ, ಬಡಿಯುವ ಸದ್ದು ಒಂದೇ.

(ಓದುತ್ತಾ ಓದುತ್ತಾ “ನನಗೂ ಇದೇ ಇರಬೇಕು” ಅಂತ ಅನ್ನಿಸಿದವರಿಗೆ ಒಂದು ಮಾತು. ಪರೀಕ್ಷೆಗೆ ಮುಂಚೆಯೇ ಗೋಧಿ ಬಿಡಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆ ಹುಡುಕುವುದು ಗ್ಲುಟನ್ ತಿಂದಾಗ ಹುಟ್ಟುವ ಪ್ರತಿಕಾಯಗಳನ್ನು. ಬಿಟ್ಟು ಕೂತರೆ ಪ್ರತಿಕಾಯ ಇಳಿದು, ಇರುವ ಕಾಯಿಲೆಯೂ ಇಲ್ಲವೆಂದು ತೋರೀತು.)

ಈಗ ತುಟಿಯ ವಿಷಯ. ಗ್ಲುಟನ್ ಅಣು ದೊಡ್ಡದು, ಗಾಯವಿಲ್ಲದ ಚರ್ಮವನ್ನು ದಾಟಿ ಒಳಗೆ ಹೋಗಿ ಕರುಳನ್ನು ಕೆಣಕುವುದಿಲ್ಲ. ಆದ್ದರಿಂದ ಸೀಲಿಯಾಕ್ ಇರುವವರು ಗೋಧಿ ಪ್ರೋಟೀನ್ ಇರುವ ಶಾಂಪೂವನ್ನೋ ಕೈಗೆ ಹಚ್ಚುವ ಲೋಷನ್ನನ್ನೋ ಬಳಸಿದರೆ ಸಾಮಾನ್ಯವಾಗಿ ಏನೂ ಆಗದು. ಸೀಲಿಯಾಕ್ ಜೊತೆಗೆ ಕೆಲವರಿಗೆ ಮೊಣಕೈ, ಮೊಣಕಾಲುಗಳ ಮೇಲೆ ತುರಿಕೆಯ ಗುಳ್ಳೆ ಏಳುವುದುಂಟು, ಅದಕ್ಕೆ ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂಬ ಉದ್ದನೆಯ ಹೆಸರು. ಅದು ಕೂಡ ಹುಟ್ಟುವುದು ಹೊಟ್ಟೆಗೆ ಹೋದ ಗ್ಲುಟನ್‌ನಿಂದ, ಮೈಗೆ ತಾಗಿದ್ದರಿಂದಲ್ಲ. ತುಟಿ ಮಾತ್ರ ಗಡಿಯಲ್ಲಿದೆ. ಹಚ್ಚಿದ್ದರಲ್ಲಿ ಒಂದಷ್ಟು ಲೋಟಕ್ಕೆ ಅಂಟುತ್ತದೆ, ಒಂದಷ್ಟು ಕರ್ಚೀಫಿಗೆ, ಉಳಿದದ್ದು ನಾಲಗೆಗೆ. ಅದರಲ್ಲೂ ಸ್ಟ್ರಾಬೆರಿ ರುಚಿಯದ್ದಾದರೆ ಮಕ್ಕಳು ಹಚ್ಚುವುದೇ ನೆಕ್ಕುವುದಕ್ಕೆ. ಪರಿಮಳವಿಲ್ಲದ ಬಾಮ್‌ಗಿಂತ ರುಚಿಯ ಬಾಮ್ ಬಗ್ಗೆ ಹೆಚ್ಚು ಯೋಚಿಸಬೇಕಾದ್ದು ಈ ಕಾರಣಕ್ಕೆ. ಹಚ್ಚುವ ಪದಾರ್ಥವಾಗಿ ಮಾರಾಟವಾದರೂ ಇದು ಸ್ವಲ್ಪಮಟ್ಟಿಗೆ ತಿನ್ನುವ ಪದಾರ್ಥವೇ.

ಆದರೆ ಕಾನೂನಿನ ಕಣ್ಣಿಗೆ ಅದು ತಿನ್ನುವ ಪದಾರ್ಥ ಅಲ್ಲ, ಎಲ್ಲ ತೊಡಕೂ ಶುರುವಾಗುವುದು ಇಲ್ಲಿಂದ. ಬಿಸ್ಕತ್ತಿನ ಪೊಟ್ಟಣ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮಕ್ಕೆ ಒಳಪಡುತ್ತದೆ. ಅದರಲ್ಲಿ ಗೋಧಿ ಇದ್ದರೆ ಅಲರ್ಜಿಕಾರಕ ಎಂದು ಬರೆಯಬೇಕು. ‘ಗ್ಲುಟನ್ ಫ್ರೀ’ ಎಂದು ಬರೆದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಕೂಡದು. ಇದನ್ನೇ 20 ಪಿಪಿಎಂ ಅನ್ನುವುದು, ಹತ್ತು ಲಕ್ಷ ಭಾಗದಲ್ಲಿ ಇಪ್ಪತ್ತು ಭಾಗ. ಅಮೆರಿಕದ್ದೂ ಯುರೋಪಿನದ್ದೂ ಇದೇ ಅಳತೆ. ಲಿಪ್ ಬಾಮ್ ಬರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಮತ್ತು 2020ರ ಸೌಂದರ್ಯವರ್ಧಕ ನಿಯಮಗಳ ಕೆಳಗೆ. ಅಲ್ಲಿ ಗ್ಲುಟನ್‌ಗೆ ಮಿತಿಯೇ ಇಲ್ಲ. ಮಹಾರಾಷ್ಟ್ರದಲ್ಲಿ ಆಹಾರ, ಔಷಧಿ, ಸೌಂದರ್ಯವರ್ಧಕ ಎಲ್ಲವನ್ನೂ ನೋಡಿಕೊಳ್ಳುವುದು ‘ಅನ್ನ ವ ಔಷಧ ಪ್ರಶಾಸನ’ ಎಂಬ ಒಂದೇ ಇಲಾಖೆ. ಆದರೂ ಬಿಸ್ಕತ್ತಿಗೆ ಒಂದು ಕಡತ, ಬಾಮ್‌ಗೆ ಇನ್ನೊಂದು. ಹೀಗಾಗಿ ಬಾಮ್ ಮೇಲಿನ ‘ಗ್ಲುಟನ್ ಫ್ರೀ’ ಎಂಬ ಬರಹ ಕಂಪನಿಯ ಮಾತು ಮಾತ್ರ. ನಿಜವೇ ಇರಬಹುದು, ಆದರೆ ಬಿಸ್ಕತ್ತಿನ ಮೇಲಿದ್ದಾಗ ಅದಕ್ಕಿರುವ ತೂಕ ಇಲ್ಲಿಲ್ಲ. ಹೊರದೇಶದ ಬಾಮ್‌ಗಳ ಮೇಲೆ ಕೆಲವೊಮ್ಮೆ ಜಿಎಫ್‌ಸಿಒ ಎಂಬ ಮುದ್ರೆ ಕಾಣುತ್ತದೆ. ಅದು ಅಮೆರಿಕದ ಖಾಸಗಿ ಪ್ರಮಾಣಪತ್ರ, ಅದರ ಮಿತಿ 10 ಪಿಪಿಎಂ. ಅದಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು.

ಮುದ್ರೆ ಇಲ್ಲದಿದ್ದರೆ ಪದಾರ್ಥಪಟ್ಟಿ ಓದಬೇಕು. ಅಲ್ಲೂ ಒಂದು ಕಿಂಡಿ ಇದೆ. ಸೌಂದರ್ಯವರ್ಧಕಗಳ ಮೇಲೆ ಪದಾರ್ಥಪಟ್ಟಿ ಕಡ್ಡಾಯವೇನೋ ಹೌದು, ಆದರೆ 30 ಗ್ರಾಂಗಿಂತ ಚಿಕ್ಕದಾದ ಗಟ್ಟಿ ಅಥವಾ ಅರೆಗಟ್ಟಿ ಸರಕಿಗೆ, 60 ಮಿಲಿಲೀಟರ್‌ಗಿಂತ ಕಡಿಮೆ ದ್ರವಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ಲಿಪ್ ಬಾಮ್ ಕಡ್ಡಿ ನಾಲ್ಕೈದು ಗ್ರಾಂ ತೂಗುತ್ತದೆ. ಡಬ್ಬಿಯಾದರೆ ಹತ್ತು, ಹೆಚ್ಚೆಂದರೆ ಇಪ್ಪತ್ತು ಗ್ರಾಂ. ಅಂದರೆ ನಾವು ಬಾಯಿಗೆ ಅತಿ ಹತ್ತಿರ ಒಯ್ಯುವ ವಸ್ತುವೇ ತನ್ನೊಳಗೇನಿದೆ ಎಂದು ಹೇಳುವ ಕಟ್ಟಳೆಯಿಂದ ತಪ್ಪಿಸಿಕೊಂಡಿದೆ! ಒಳ್ಳೆಯ ಕಂಪನಿಗಳು ಹೊರಗಿನ ಕಾಗದದ ಪೆಟ್ಟಿಗೆಯ ಮೇಲೆ ಹೇಗೂ ಪಟ್ಟಿ ಹಾಕಿರುತ್ತವೆ. ನಾವು ಮಾಡುವ ತಪ್ಪು ಅಂದರೆ ಆ ಪೆಟ್ಟಿಗೆಯನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಹರಿದು ಬಿಸಾಕುವುದು. ಈಗ ನಾನು ಅದರ ಫೋಟೋ ತೆಗೆದುಕೊಳ್ಳುತ್ತೇನೆ. ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕವೂ ಸೋಲುತ್ತದೆ, ಫೋನಿನಲ್ಲಿ ಹಿಗ್ಗಿಸಿ ನೋಡುವುದೇ ಸರಿ.

ಪಟ್ಟಿಯಲ್ಲಿ ‘ವೀಟ್’ ಎಂದು ನೇರವಾಗಿ ಬರೆದಿರುವುದು ಕಡಿಮೆ. ಸೌಂದರ್ಯವರ್ಧಕಗಳಲ್ಲಿ ಗಿಡಗಳಿಗೆ ಲ್ಯಾಟಿನ್ ಹೆಸರು ಬಳಸುವುದು ರೂಢಿ. ಗೋಧಿ ಅಂದರೆ ಟ್ರಿಟಿಕಮ್ ವಲ್ಗೇರ್ ಅಥವಾ ಟ್ರಿಟಿಕಮ್ ಏಸ್ಟಿವಮ್. ಬಾರ್ಲಿ ಹೊರ್ಡಿಯಮ್ ವಲ್ಗೇರ್. ರೈ ಅಂದರೆ ಸೆಕೇಲ್ ಸಿರಿಯಾಲೆ. ಓಟ್ಸ್‌ಗೆ ಅವೆನಾ ಸಟೈವಾ. ಓಟ್ಸ್‌ನಲ್ಲಿ ಸ್ವತಃ ಗ್ಲುಟನ್ ಇಲ್ಲದಿದ್ದರೂ ಹೊಲದಿಂದ ಗಿರಣಿಯವರೆಗೆ ಗೋಧಿಯ ಜೊತೆ ಬೆರೆಯುವುದೇ ಹೆಚ್ಚು, ಹಾಗಾಗಿ ಅದನ್ನೂ ನಾವು ಬಿಡುತ್ತೇವೆ. ಹುಡುಗಿಗೆ ನಾನು ಹೇಳಿಕೊಟ್ಟ ಉಪಾಯ ಸರಳ: ಟಿ, ಆರ್, ಐ, ಟಿ ಎಂದು ಶುರುವಾಗುವ ಪದ ಕಂಡರೆ ಡಬ್ಬಿ ಕೆಳಗಿಡು. ಇವುಗಳ ಜೊತೆಗೆ ‘ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್’ ಎಂಬುದನ್ನು ಗಮನಿಸಬೇಕು. ಪ್ರೋಟೀನನ್ನು ಚೂರು ಮಾಡಿ ನೀರಿನಲ್ಲಿ ಕರಗುವಂತೆ ಮಾಡಿದ ರೂಪ ಅದು. ಕೂದಲಿನ ಸರಕುಗಳಲ್ಲಿ ಹೇರಳ, ತುಟಿಯದ್ದರಲ್ಲಿ ವಿರಳ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ವೀಟ್ ಜರ್ಮ್ ಆಯಿಲ್ ಇವುಗಳ ನಡುವೆ ಎಡಬಿಡಂಗಿ. ಗೋಧಿ ಮೊಳಕೆಯ ಎಣ್ಣೆ, ಇ ಜೀವಸತ್ವದ ಕಣಜ, ಒಡೆದ ತುಟಿಗೆ ಒಳ್ಳೆಯದೆಂಬ ಹೆಸರಿದೆ. ಗ್ಲುಟನ್ ಪ್ರೋಟೀನ್ ಆದ್ದರಿಂದ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಉಳಿಯುವುದು ತೀರ ಕಡಿಮೆ. ತಣ್ಣಗೆ ಹಿಂಡಿದ, ಸೋಸದ ಎಣ್ಣೆಯಲ್ಲಿ ಪುಡಿಪುಡಿ ಉಳಿದೀತು. ಯಾವ ಬಗೆಯದನ್ನು ಹಾಕಿದ್ದಾರೆ ಎಂದು ಪಟ್ಟಿ ಹೇಳುವುದಿಲ್ಲ. ಇಷ್ಟೆಲ್ಲ ಬಾಮ್‌ಗಳು ಸಿಗುವಾಗ ಅದೇ ಬೇಕೆಂಬ ಹಟ ಯಾಕೆ ಎಂದು ನಾನು ಪಕ್ಕಕ್ಕಿಡುತ್ತೇನೆ. ಇ ಜೀವಸತ್ವವನ್ನು ಬರೀ ‘ಟೊಕೊಫೆರಾಲ್’ ಅಥವಾ ‘ಟೊಕೊಫೆರಿಲ್ ಅಸಿಟೇಟ್’ ಎಂದು ಬರೆದಿದ್ದರೆ ಮಾತ್ರ ಹೆದರುವುದಿಲ್ಲ. ಮೊದಲನೆಯದು ಹೆಚ್ಚಾಗಿ ಸೋಯಾ, ಸೂರ್ಯಕಾಂತಿ ಎಣ್ಣೆಗಳಿಂದ ಬರುತ್ತದೆ, ಎರಡನೆಯದು ಬಹುಪಾಲು ಕಾರ್ಖಾನೆಯಲ್ಲೇ ತಯಾರಾಗುವಂಥದ್ದು.

ಹೆದರಬೇಕಾಗಿಲ್ಲದ ಹೆಸರುಗಳೂ ಇವೆ, ಅವುಗಳಿಂದ ನಾನು ಒಂದು ರಾತ್ರಿ ನಿದ್ದೆಗೆಟ್ಟಿದ್ದೆ. ಗ್ಲುಟಾಥಯೋನ್, ಗ್ಲುಟಾಮಿಕ್ ಆಸಿಡ್‌ಗಳು ಕೇಳಲು ಗ್ಲುಟನ್‌ನ ಅಣ್ಣತಮ್ಮಂದಿರಂತಿದ್ದರೂ ಅದಲ್ಲ. ಸಿರಾ ಆಲ್ಬಾ ಅಂದರೆ ಜೇನುಮೇಣ. ರಿಸಿನಸ್ ಕಮ್ಯೂನಿಸ್ ಎಂಬ ರಾಜಕೀಯ ಪಕ್ಷದಂಥ ಹೆಸರು ನಮ್ಮ ಹರಳೆಣ್ಣೆಯದು. ಥಿಯೋಬ್ರೋಮಾ ಕಕಾವೊ ಕೋಕೋ ಬೆಣ್ಣೆ. ಕಾರ್ನೋಬಾ, ಕ್ಯಾಂಡೆಲಿಲ್ಲಾ ಗಿಡದ ಮೇಣಗಳು, ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು, ಪೆಟ್ರೊಲೇಟಮ್ ಅಂದರೆ ವ್ಯಾಸಲೀನಿನ ಮೂಲವಸ್ತು. ಯಾವುದರಲ್ಲೂ ಗ್ಲುಟನ್ ಇಲ್ಲ. ನಿಜ ಹೇಳಬೇಕೆಂದರೆ ಲಿಪ್ ಬಾಮ್ ಅಂದರೆ ಮೇಣ, ಎಣ್ಣೆ, ಬೆಣ್ಣೆ ಮೂರನ್ನು ಕರಗಿಸಿ ಅಚ್ಚಿಗೆ ಹೊಯ್ದದ್ದು, ಅಷ್ಟೇ. ನೀರಿನ ಅಂಶವೇ ಇಲ್ಲದ ಇಂಥ ಪಾಕದಲ್ಲಿ ಹಿಟ್ಟಿಗಾಗಲೀ ನೀರಿನಲ್ಲಿ ಕರಗುವ ಪ್ರೋಟೀನಿಗಾಗಲೀ ಹೆಚ್ಚು ಕೆಲಸವಿಲ್ಲ.

ಹಾಗಾದರೆ ರುಚಿ? ಪಟ್ಟಿಯ ಕೊನೆಯಲ್ಲಿ ‘ಫ್ಲೇವರ್’ ಅಥವಾ ‘ಅರೋಮಾ’ ಎಂಬ ಒಂಟಿ ಪದ ಇರುತ್ತದೆ. ಅನುಮಾನ ಹುಟ್ಟುವುದು ಅಲ್ಲೇ, ಏಕೆಂದರೆ ಆ ಒಂದು ಪದದ ಹಿಂದೆ ಹತ್ತಿಪ್ಪತ್ತು ರಾಸಾಯನಿಕಗಳಿರಬಹುದು, ಅವನ್ನು ಬಿಡಿಸಿ ಹೇಳುವ ಅಗತ್ಯ ಕಂಪನಿಗಿಲ್ಲ. ಸ್ಟ್ರಾಬೆರಿ ಬಾಮ್‌ನಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ ಇದೆ ಎಂದುಕೊಂಡವರಿಗೆ ನಿರಾಸೆಯಾದೀತು. ಇರುವುದು ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳು, ಸಿಹಿಗೆ ಸ್ಯಾಕರಿನ್ ಅಥವಾ ಸ್ಟೀವಿಯಾದಂಥದ್ದು. ಕುಕ್ಕೀ, ಕೇಕು, ಕ್ಯಾರಮೆಲ್ ಎಂಬ ಹೆಸರಿನವು ಬಂದಾಗ ನಮ್ಮಂಥವರ ಕಿವಿ ನಿಮಿರುತ್ತದೆ. ಕುಕ್ಕೀ ಅಂದಮೇಲೆ ಮೈದಾ ಇರಬೇಕಲ್ಲವೇ? ಸಾಮಾನ್ಯವಾಗಿ ಇರುವುದಿಲ್ಲ, ವೆನಿಲಿನ್ ಮತ್ತು ಬೆಣ್ಣೆಯ ವಾಸನೆ ತರುವ ಒಂದೆರಡು ವಸ್ತುಗಳೇ ಕುಕ್ಕೀಯ ವೇಷ ಹಾಕಿರುತ್ತವೆ. ಅಡುಗೆಯ ಪುಡಿರೂಪದ ಫ್ಲೇವರ್‌ಗಳಲ್ಲಿ ಪರಿಮಳವನ್ನು ಹಿಡಿದಿಡುವ ವಾಹಕವಾಗಿ ಪಿಷ್ಟವನ್ನೋ ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್ಟ್ರಿನ್ನನ್ನೋ ಬಳಸುತ್ತಾರೆ. ಮೇಣಕ್ಕೆ ಬೆರೆಯಬೇಕಾದ್ದು ಎಣ್ಣೆಯಲ್ಲಿ ಕರಗಬೇಕು, ಹಾಗಾಗಿ ಅಲ್ಲಿ ವಾಹಕವೂ ಹೆಚ್ಚಾಗಿ ಎಣ್ಣೆಯ ಜಾತಿಯದೇ. ಡೆಕ್ಸ್ಟ್ರಿನ್ ಎಂಬ ಪದವೇ ಪಟ್ಟಿಯಲ್ಲಿದ್ದರೆ ಅದು ಮೆಕ್ಕೆಜೋಳದ್ದೋ ಆಲೂಗಡ್ಡೆಯದ್ದೋ ಗೋಧಿಯದ್ದೋ ಎಂದು ಕೇಳಬಹುದು. ರುಚಿಯ ಹೆಸರು ನೋಡಿ ತೀರ್ಮಾನಿಸುವುದು ಮಾತ್ರ ಬೇಡ, ಕುಕ್ಕೀ ಬಾಮ್ ನಿರಪರಾಧಿಯಾಗಿದ್ದು ಪಕ್ಕದ ಪುದೀನಾ ಬಾಮ್‌ನಲ್ಲಿ ಗೋಧಿ ಮೊಳಕೆಯ ಎಣ್ಣೆ ಇರಬಹುದು.

ಇಷ್ಟು ಓದಿದ ಮೇಲೂ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಪಟ್ಟಿಯಲ್ಲಿ ಗೋಧಿ ಇಲ್ಲದಿದ್ದರೂ ಕಾರ್ಖಾನೆಯಲ್ಲಿ ಬೆರೆತಿದ್ದರೆ? ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. 2019ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಟೂತ್‌ಪೇಸ್ಟ್, ಮೌತ್‌ವಾಶ್, ಲಿಪ್‌ಸ್ಟಿಕ್, ಲಿಪ್ ಬಾಮ್ ಎಲ್ಲ ಸೇರಿ 66 ಸರಕುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 62ರಲ್ಲಿ ಗ್ಲುಟನ್ 20 ಪಿಪಿಎಂಗಿಂತ ಕಡಿಮೆ. ನಾಲ್ಕು ಗೆರೆ ದಾಟಿದ್ದವು: ಮೂರು ಟೂತ್‌ಪೇಸ್ಟ್, ಒಂದು ಲಿಪ್ ಬಾಮ್. ಆ ಬಾಮ್‌ನಲ್ಲಿ ಸಿಕ್ಕಿದ್ದು 27.4 ಪಿಪಿಎಂ. ಪರೀಕ್ಷಿಸಿದ ಯಾವುದರ ಪಟ್ಟಿಯಲ್ಲೂ ಗೋಧಿ, ಬಾರ್ಲಿ, ರೈ ಮೂಲದ ಪದಾರ್ಥ ಇರಲಿಲ್ಲ. ಅಂದರೆ ಬೆರಕೆ ಆಗುತ್ತದೆ, ಅಪರೂಪಕ್ಕೆ ಆಗುತ್ತದೆ.

27.4 ಎಂಬ ಅಂಕಿಯನ್ನು ನೋಡಿ ನಾನು ಮೊದಲು ಗಾಬರಿಬಿದ್ದೆ. ಆಮೇಲೆ ಹಾಲಿನ ಲೆಕ್ಕ ಬರೆಯುವ ನೋಟುಬುಕ್ಕು ತೆಗೆದುಕೊಂಡು ಕೂತೆ. ಪಿಪಿಎಂ ಹೇಳುವುದು ಸಾಂದ್ರತೆಯನ್ನು, ಹೊಟ್ಟೆಗೆ ಹೋದ ಪ್ರಮಾಣವನ್ನಲ್ಲ. ಕಿಲೋಗೆ 27.4 ಮಿಲಿಗ್ರಾಂ ಅಂದರೆ 4.8 ಗ್ರಾಂನ ಒಂದು ಪೂರ್ತಿ ಕಡ್ಡಿಯಲ್ಲಿರುವುದು ಸುಮಾರು 0.13 ಮಿಲಿಗ್ರಾಂ. ಕಡ್ಡಿಯನ್ನು ಯಾರೂ ಕಡುಬಿನಂತೆ ತಿನ್ನುವುದಿಲ್ಲ. ನಮ್ಮ ಹುಡುಗಿಗೆ ಒಂದು ಕಡ್ಡಿ ಎರಡು ತಿಂಗಳು ಬರುತ್ತದೆ, ದಿನಕ್ಕೆ 80 ಮಿಲಿಗ್ರಾಂ ಬಾಮ್ ಆಯಿತು. ಲಿಪ್‌ಸ್ಟಿಕ್‌ಗಳಲ್ಲಿ ಸೀಸದಂಥ ಲೋಹಗಳ ಬಗ್ಗೆ 2013ರಲ್ಲಿ ಕ್ಯಾಲಿಫೋರ್ನಿಯಾದವರು ಮಾಡಿದ ಅಧ್ಯಯನದಲ್ಲಿ ಸರಾಸರಿ ಬಳಕೆಯನ್ನು ದಿನಕ್ಕೆ 24 ಮಿಲಿಗ್ರಾಂ, ಹೆಚ್ಚು ಹಚ್ಚುವವರದ್ದನ್ನು 87 ಮಿಲಿಗ್ರಾಂ ಎಂದು ಹಿಡಿದಿದ್ದರು, ನನ್ನ ಮನೆಲೆಕ್ಕ ಅದರ ಆಸುಪಾಸಿಗೇ ಬಂತು. ಆ 87 ಮಿಲಿಗ್ರಾಂ ಪೂರ್ತಿ ನುಂಗಿದರೂ, ಇಟಲಿಯ ಆ ಕೆಟ್ಟ ಬಾಮ್‌ನಿಂದ ಹೊಟ್ಟೆಗೆ ಹೋಗುವ ಗ್ಲುಟನ್ 0.0024 ಮಿಲಿಗ್ರಾಂ.

ಇದು ಹೆಚ್ಚೋ ಕಡಿಮೆಯೋ? ಅಳೆಯಲು ಒಂದು ಗೂಟ ಬೇಕು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೀಲಿಯಾಕ್ ಇರುವ ವಯಸ್ಕರಿಗೆ ಮೂರು ತಿಂಗಳ ಕಾಲ ದಿನಾ ಮಾತ್ರೆಯಲ್ಲಿ 10 ಅಥವಾ 50 ಮಿಲಿಗ್ರಾಂ ಗ್ಲುಟನ್ ಕೊಟ್ಟು ನೋಡಿದರು, ಕೆಲವರಿಗೆ ಖಾಲಿ ಮಾತ್ರೆ. 50 ಮಿಲಿಗ್ರಾಂನಲ್ಲಿ ಕರುಳಿಗೆ ಹಾನಿಯಾಯಿತು. 10 ತೆಗೆದುಕೊಂಡವರಲ್ಲಿ ಒಬ್ಬರಿಗೆ ಮಾತ್ರ ತೊಂದರೆ ಮರುಕಳಿಸಿತು. ದಿನಕ್ಕೆ ಸುಮಾರು 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ ಎಂಬ ಮಾತು ಇಂಥವುಗಳಿಂದಲೇ ಬಂದದ್ದು. ಒಂದು ಚಪಾತಿಯಲ್ಲಿ ಎರಡೂವರೆ ಗ್ರಾಂನಷ್ಟು ಗ್ಲುಟನ್ ಇರುತ್ತದೆ. ಚಪಾತಿಯನ್ನು 250 ಚೂರು ಮಾಡಿದರೆ ಒಂದು ಚೂರಿನಲ್ಲಿ 10 ಮಿಲಿಗ್ರಾಂ. ಅಷ್ಟಕ್ಕೆ ಸಮನಾಗಬೇಕಾದರೆ ಇಟಲಿಯ ಆ ಬಾಮ್‌ನ 76 ಕಡ್ಡಿಗಳನ್ನು ಒಂದೇ ದಿನ ತಿನ್ನಬೇಕು.

ಹೀಗೆ ನೋಡಿದಾಗ ಬೆರಕೆಯ ಭಯ ನನ್ನ ಮಟ್ಟಿಗೆ ಹೋಯಿತು. ಉಳಿದದ್ದು ಬೇಕೆಂದೇ ಗೋಧಿ ಸೇರಿಸಿದ ಬಾಮ್‌ಗಳು. ಅಲ್ಲಿ ಲೆಕ್ಕ ಬೇರೆ. ನೂರಕ್ಕೆ ಒಂದು ಪಾಲು ಗೋಧಿ ಪ್ರೋಟೀನ್ ಇದ್ದರೆ ಅದೇ 87 ಮಿಲಿಗ್ರಾಂನಲ್ಲಿ 0.87 ಮಿಲಿಗ್ರಾಂ ಆಯಿತು, ಐದು ಪಾಲಿದ್ದರೆ ನಾಲ್ಕಕ್ಕೂ ಮೇಲೆ. ಹತ್ತರ ಮಿತಿಯೊಳಗೇ ಇದೆಯಲ್ಲ ಅನ್ನಬಹುದು. ಆದರೆ ಆ ಹತ್ತು ದಿನವಿಡೀ ಉಣ್ಣುವ ಅನ್ನ, ಸಾರು, ಹೋಟೆಲಿನ ದೋಸೆ ಎಲ್ಲದರ ಬೆರಕೆಗೂ ಸೇರಿದ್ದು. ಅದರಲ್ಲಿ ಅರ್ಧ ತುಟಿಯ ಹೊಳಪಿಗೇ ಖರ್ಚಾಗುವುದು ಜಿಪುಣರ ಮನೆಯವಳಾದ ನನಗೆ ಒಪ್ಪದು. ಆದ್ದರಿಂದ ನಮ್ಮ ನಿಯಮ ಇಷ್ಟು: ಪಟ್ಟಿಯಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಕಂಡರೆ ಬೇಡ, ಪಟ್ಟಿಯೇ ಇಲ್ಲದಿದ್ದರೆ ಬೇಡ. ಪಟ್ಟಿ ಇದ್ದು ಅದರಲ್ಲಿ ಇವು ಇಲ್ಲದಿದ್ದರೆ ‘ಗ್ಲುಟನ್ ಫ್ರೀ’ ಎಂದು ಬರೆಯದಿದ್ದರೂ ಚಿಂತೆಯಿಲ್ಲ.

ಈ ಸಮಾಧಾನ ಸೀಲಿಯಾಕ್‌ಗೆ ಮಾತ್ರ. ಗೋಧಿಯ ಅಲರ್ಜಿ ಇನ್ನೊಂದೇ ಕಾಯಿಲೆ, ಅದರಲ್ಲಿ ದದ್ದು, ಊತ, ಉಸಿರುಕಟ್ಟುವುದು ನಿಮಿಷಗಳಲ್ಲೇ ಆಗಬಹುದು, ಅಲ್ಲಿ ಚರ್ಮಕ್ಕೆ ತಾಗುವುದೂ ಲೆಕ್ಕಕ್ಕೆ ಬರುತ್ತದೆ. ಜಪಾನಿನಲ್ಲಿ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನ್ ಇದ್ದ ಒಂದು ಮುಖ ತೊಳೆಯುವ ಸಾಬೂನು ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನ ಗೋಧಿ ಅಲರ್ಜಿ ಅಂಟಿಸಿಕೊಂಡರು. ಮುಂಚೆ ಆರಾಮಾಗಿ ನೂಡಲ್ಸ್ ತಿನ್ನುತ್ತಿದ್ದವರು ಆಮೇಲೆ ತಿಂದರೆ ಮುಖ ಊದಿಕೊಳ್ಳುವಂತಾಯಿತು. 2011ರಲ್ಲಿ ಆ ಸಾಬೂನನ್ನು ಹಿಂತೆಗೆದುಕೊಂಡರು. ಯುರೋಪಿನಲ್ಲಿ ಮುಂದೆ ಇಂಥ ಪ್ರೋಟೀನ್ ಚೂರುಗಳ ಗಾತ್ರಕ್ಕೇ ಮಿತಿ ಹಾಕಿದರು. ಮನೆಯಲ್ಲಿ ಅಲರ್ಜಿ ಇರುವವರು ನನ್ನ ನೋಟುಬುಕ್ಕಿನ ಲೆಕ್ಕ ನಂಬಿ ಕೂರಬಾರದು, ಅವರ ವೈದ್ಯರನ್ನೇ ಕೇಳಬೇಕು.

ಕಂಪನಿಗೆ ಬರೆದು ಕೇಳುವುದು ಒಳ್ಳೆಯ ದಾರಿಯೇ, ಕೇಳುವ ರೀತಿ ಗೊತ್ತಿರಬೇಕು. ನಾನು ಮೊದಲು ಒಂದು ಕಂಪನಿಗೆ ‘ನಿಮ್ಮ ಬಾಮ್ ಗ್ಲುಟನ್ ಫ್ರೀಯಾ’ ಎಂದು ಬರೆದೆ. ನಾಲ್ಕು ದಿನದ ಮೇಲೆ ಬಂದ ಉತ್ತರ: ನಮ್ಮ ಎಲ್ಲ ಉತ್ಪನ್ನಗಳೂ ಚರ್ಮತಜ್ಞರಿಂದ ಪರೀಕ್ಷಿಸಲ್ಪಟ್ಟಿವೆ, ಸುರಕ್ಷಿತವಾಗಿವೆ, ನಮ್ಮ ಹೊಸ ಮಾವಿನಹಣ್ಣಿನ ಶ್ರೇಣಿಯನ್ನೂ ನೋಡಿ. ಎರಡನೇ ಸಲ ಬ್ಯಾಚ್ ನಂಬರು ಬರೆದು, ಪದಾರ್ಥಗಳಲ್ಲಿ ಯಾವುದಾದರೂ ಗೋಧಿ, ಬಾರ್ಲಿ, ರೈ, ಓಟ್ಸ್ ಮೂಲದ್ದೇ, ಫ್ಲೇವರಿನ ವಾಹಕ ಯಾವುದು, ವೈಟಮಿನ್ ಇ ಎಲ್ಲಿಯದು ಎಂದು ಬಿಡಿಬಿಡಿಯಾಗಿ ಕೇಳಿದೆ. ಈ ಸಲ ಬೇರೆ ಯಾರೋ ಬರೆದರು, ಮೂರಕ್ಕೂ ಉತ್ತರವಿತ್ತು. ಹೌದು-ಅಲ್ಲ ಎಂದು ಮುಗಿಸಬಹುದಾದ ಪ್ರಶ್ನೆ ಪ್ರಚಾರವಿಭಾಗಕ್ಕೆ ಹೋಗುತ್ತದೆ, ಪದಾರ್ಥದ ಹೆಸರು ಹಿಡಿದು ಕೇಳಿದ್ದು ತಯಾರಿಸುವವರ ಬಳಿ ಹೋಗುತ್ತದೆ ಎಂದು ನನ್ನ ಊಹೆ. ಮನೆಯಲ್ಲೇ ಗ್ಲುಟನ್ ಪತ್ತೆಹಚ್ಚುವ ಕಿಟ್‌ಗಳೂ ಸಿಗುತ್ತವೆ. ಅವು ಊಟಕ್ಕೆಂದು ಮಾಡಿದವು, ಮೇಣದ ಮುದ್ದೆಯಿಂದ ಪ್ರೋಟೀನ್ ಹೊರತೆಗೆಯಲು ಹೇಳಿ ಮಾಡಿಸಿದ್ದಲ್ಲ. ಆ ದುಡ್ಡಿಗೆ ನಾಲ್ಕು ಒಳ್ಳೆ ಬಾಮ್ ಬರುತ್ತವೆ.

ಡಬ್ಬಿಯೋ ಕಡ್ಡಿಯೋ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ, ನನ್ನ ಲೆಕ್ಕದಲ್ಲಿ ಮಾತ್ರ ಅದೇ ದೊಡ್ಡದು. ಶಾಲೆಯ ಮಧ್ಯಂತರದಲ್ಲಿ ಗೆಳತಿ ವಡಾಪಾವ್ ತಿಂದು ಅದೇ ಬೆರಳನ್ನು ಇವಳ ಡಬ್ಬಿಗೆ ಅದ್ದುತ್ತಾಳೆ ಎಂದುಕೊಳ್ಳಿ. ಪಾವಿನ ನೂರು ಮಿಲಿಗ್ರಾಂನ ಒಂದು ಸಣ್ಣ ತುಣುಕಿನಲ್ಲಿ ಆರೆಂಟು ಮಿಲಿಗ್ರಾಂ ಗ್ಲುಟನ್ ಇರಬಹುದು. ಕಾರ್ಖಾನೆಯ ಬೆರಕೆ ಒಂದು ಕಡ್ಡಿಗೆ ತಂದದ್ದಕ್ಕಿಂತ ಐವತ್ತು ಪಟ್ಟು! ಕಡ್ಡಿಯನ್ನು ಹಂಚಿಕೊಳ್ಳಲು ಹುಡುಗಿಯರು ತುಸು ಹಿಂಜರಿಯುತ್ತಾರೆ, ಡಬ್ಬಿಯಾದರೆ ಇಡೀ ಬೆಂಚಿನ ಆಸ್ತಿ. ಆದ್ದರಿಂದ ನಮ್ಮಲ್ಲಿ ಕಡ್ಡಿ ಮಾತ್ರ.

ಇನ್ನೂ ಒಂದು ಮಾತು ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಬಾಮ್ ಬಗ್ಗೆ ಇಷ್ಟು ಹುಡುಕಾಡಿದ ನಮ್ಮ ಮನೆಯಲ್ಲೇ ಆರು ತಿಂಗಳು ಸಾರಿಗೆ ಹಾಕುತ್ತಿದ್ದ ಇಂಗಿನಲ್ಲಿ ಗೋಧಿಹಿಟ್ಟಿತ್ತು. ಬಂಧಾನಿ ಇಂಗು ಎಂದು ಮಾರುವುದು ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿ ಹದ ಮಾಡಿದ್ದು. ಆ ಹಿಟ್ಟು ಬಹಳ ಸಲ ಗೋಧಿಯದೇ, ಕೆಲವರು ಅಕ್ಕಿಹಿಟ್ಟು ಹಾಕುತ್ತಾರೆ. ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಆಹಾರವಾದ್ದರಿಂದ ಬರೆಯಲೇಬೇಕಿತ್ತು. ನಾವು ಓದಿರಲಿಲ್ಲ. ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಊಟಕ್ಕೆ ಕೂತಾಗ ಪಕ್ಕದವರೊಬ್ಬರು “ಸಾರಿಗೆ ಯಾವ ಇಂಗು?” ಎಂದು ಬಡಿಸುವವರನ್ನು ಕೇಳಿದ್ದು ಕಿವಿಗೆ ಬಿದ್ದು, ಅವರ ಮಗನಿಗೂ ಇದೇ ಕಾಯಿಲೆ ಎಂದು ತಿಳಿದು, ನನಗೆ ಬುದ್ಧಿ ಬಂದದ್ದು.

ತುಟಿಗೆ ಏನೂ ಕೊಳ್ಳದೆಯೂ ನಡೆಯುತ್ತದೆ ಎನ್ನುವವರಿಗೆ ಕೊಂಕಣದ ದಾರಿ ಇದೆ. ಮುರುಗಲ ಹಣ್ಣಿನ ಬೀಜದಿಂದ ತೆಗೆದ ತುಪ್ಪ, ಇಲ್ಲಿನವರು ಕೋಕಮ್ ತೇಲ್ ಅನ್ನುತ್ತಾರೆ, ಗಟ್ಟಿ ಉಂಡೆಯಾಗಿ ಸಿಗುತ್ತದೆ. ಹೆಸರಿಗೆ ತೇಲ್ ಆದರೂ ಸಾಬೂನಿನಷ್ಟು ಗಟ್ಟಿ. ಚಮಚದಲ್ಲಿ ಚೂರು ಕರಗಿಸಿ ಒಡೆದ ತುಟಿಗೂ ಹಿಮ್ಮಡಿಗೂ ಹಚ್ಚುವುದು ಗೋವೆಯಿಂದ ರತ್ನಾಗಿರಿವರೆಗಿನ ಹಳೆಯ ಪದ್ಧತಿ. ನಮ್ಮ ಉತ್ತರ ಕನ್ನಡ, ಮಲೆನಾಡಿನ ಮನೆಗಳಲ್ಲೂ ಇದೆ. ಉಂಡೆಯಲ್ಲಿರುವುದು ಒಂದೇ ಪದಾರ್ಥವಾದ್ದರಿಂದ ಪಟ್ಟಿಯ ಪ್ರಶ್ನೆಯೇ ಏಳುವುದಿಲ್ಲ. ತುಪ್ಪ, ಬೆಣ್ಣೆ, ಹರಳೆಣ್ಣೆಗೂ ಇದೇ ಮಾತು, ಚಪಾತಿಗೆ ಸವರುವ ತುಪ್ಪದ ಬಟ್ಟಲಿನಿಂದ ಬೆರಳಲ್ಲಿ ತೆಗೆಯದಿದ್ದರೆ ಆಯಿತು.

ಒಂದು ಉಂಡೆ ತಂದು ಕೊಟ್ಟೆ. ಎರಡು ದಿನ ಹಚ್ಚಿದಳು. ತುಟಿ ಸರಿಹೋಯಿತು, ಆದರೆ “ಅಜ್ಜಿ ವಾಸನಿ ಬರ್ತದ” ಅಂತ ಮೂಗು ಮುರಿದಳು. ಕೊನೆಗೆ ಲಕ್ಷ್ಮೀ ರಸ್ತೆಯ ಔಷಧದಂಗಡಿಯಲ್ಲಿ, ಕಾಗದದ ಪೆಟ್ಟಿಗೆಯ ಮೇಲೆ ಹದಿನಾಲ್ಕು ಪದಾರ್ಥ ಬರೆದಿದ್ದ ಒಂದು ಸ್ಟ್ರಾಬೆರಿ ಕಡ್ಡಿ ಸಿಕ್ಕಿತು. ಕೌಂಟರಿನ ಮುಂದೆಯೇ ನಿಂತು ಫೋನಿನಲ್ಲಿ ಹಿಗ್ಗಿಸಿ, ಟಿ-ಆರ್-ಐ ಎನ್ನುತ್ತಾ ಒಂದೊಂದನ್ನೇ ಓದಿದಳು. ಅಂಗಡಿಯವರು ನನ್ನ ಕಡೆ ನೋಡಿದರು. ಟ್ರೈಗ್ಲಿಸರೈಡ್ ಹತ್ತಿರ ತಡೆದು, ಐ ಆದಮೇಲೆ ಟಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಂದಕ್ಕೆ ಹೋದಳು.